ಮನೆಯ ಪರಿವೇಷ್ಟಿತ ಧ್ವನಿವ್ಯವಸ್ಥೆ: ಕಾರವಾರ–ಅಂಕೋಲೆಯ ಕರಾವಳಿಯಲ್ಲಿ

ಕೇಳುಗನ ಮುಂದೆ, ಎರಡು ಪಾರ್ಶ್ವಗಳಲ್ಲಿ, ಹಿಂದೆ, ಕೆಲವೊಮ್ಮೆ ತಲೆಯ ಮೇಲೆಯೂ ಧ್ವನಿವರ್ಧಕಗಳನ್ನು ನಿಯತವಾದ ಕೋನಗಳಲ್ಲಿ ನೆಲೆಗೊಳಿಸಿ, ಒಂದೊಂದಕ್ಕೂ ಬೇರೆಬೇರೆ ವಾಹಿನಿಯ ಶಬ್ದವನ್ನು ಹಾಯಿಸಿ, ದೃಶ್ಯದ ನಟ್ಟನಡುವೆ ತಾನು ಕುಳಿತಿದ್ದೇನೆಂಬ ಭ್ರಾಂತಿಯನ್ನು ಕಿವಿಗೆ ಉಂಟುಮಾಡುವ ಏರ್ಪಾಟಿಗೆ ಸರೌಂಡ್ ಸೌಂಡ್ ಅಥವಾ ಪರಿವೇಷ್ಟಿತ ಧ್ವನಿ ಎಂದು ಹೆಸರು. ಇದರ ಅತಿಮಂದ್ರ ಭಾಗವನ್ನು ಮಾತ್ರ ನುಡಿಸುವುದಕ್ಕೆ ಮೀಸಲಾಗಿ, ಸಾಮಾನ್ಯವಾಗಿ ತನ್ನದೇ ಆದ ಆಂಪ್ಲಿಫೈಯರನ್ನು ಒಡಲಲ್ಲಿ ಇಟ್ಟುಕೊಂಡಿರುವ ದೊಡ್ಡ ಪೆಟ್ಟಿಗೆಯೇ ಸಬ್‌ವೂಫರ್. ಪೇಟೆಯ ಮಾತಿನಲ್ಲಿ ಎರಡೂ ಸೇರಿ ಹೋಮ್ ಥಿಯೇಟರ್. 5.1 ಎಂದರೆ ಐದು ಪೂರ್ಣ ವಾಹಿನಿಗಳು ಮತ್ತು ಒಂದು ಮಂದ್ರ ವಾಹಿನಿ, 7.1 ಎಂದರೆ ಹಿಂಬದಿಗೆ ಇನ್ನೆರಡು ಹೆಚ್ಚು, 5.1.2 ಎಂದಾಗ ಕೊನೆಯ ಅಂಕವು ಮೇಲಿನಿಂದ ಬರುವ ಧ್ವನಿಗೆ ಸಂಬಂಧಪಟ್ಟದ್ದು. ಈ ವ್ಯವಸ್ಥೆಯ ಮೂಲತತ್ತ್ವವು ಎಲ್ಲೆಡೆಯೂ ಒಂದೇ ಆಗಿದ್ದರೂ, ಕಾಳಿ ಮತ್ತು ಗಂಗಾವಳಿ ನದಿಗಳ ಮುಖಗಳ ನಡುವಣ ಈ ಸಮುದ್ರತೀರದಲ್ಲಿ, ಚಿರೆಕಲ್ಲಿನ ಗೋಡೆ, ಹೆಂಚಿನ ಮಾಡು, ನಾಲ್ಕು ತಿಂಗಳ ಮಳೆ, ವರ್ಷವಿಡೀ ಬೀಸುವ ಉಪ್ಪುಗಾಳಿ ಇವೆಲ್ಲವೂ ಯಂತ್ರದೊಡನೆ ಸೇರಿ ನುಡಿಯತಕ್ಕವಾದುದರಿಂದ, ಯಂತ್ರದ ಬೆಲೆಗಿಂತ ಮನೆಯ ಗುಣವೇ ಫಲಿತಾಂಶವನ್ನು ನಿರ್ಣಯಿಸುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳಿತು.

ಇತಿಹಾಸವನ್ನು ಸಂಗ್ರಹವಾಗಿ ಹೇಳಬಹುದು. ಎರಡು ವಾಹಿನಿಗಳ ಧ್ವನಿಗೆ ಇಂಗ್ಲೆಂಡಿನ ಆಲನ್ ಬ್ಲುಮ್ಲೈನ್ 1931ರಲ್ಲಿ ಸನ್ನದಿಗಾಗಿ ಅರ್ಜಿ ಸಲ್ಲಿಸಿದನು. 1940ರಲ್ಲಿ ಡಿಸ್ನಿಯ ‘ಫ್ಯಾಂಟೇಸಿಯಾ’ ಚಿತ್ರಕ್ಕಾಗಿ ಪ್ರೇಕ್ಷಕರ ಸುತ್ತಲೂ ಧ್ವನಿವರ್ಧಕಗಳನ್ನು ಹೂಡುವ ಪ್ರಯತ್ನ ನಡೆಯಿತು. 1953ರ ‘ದಿ ರೋಬ್’ ಚಿತ್ರದೊಡನೆ ಬಂದ ಸಿನಿಮಾಸ್ಕೋಪಿನಲ್ಲಿ ನಾಲ್ಕು ಕಾಂತೀಯ ಧ್ವನಿಪಥಗಳಿದ್ದು, ಅವುಗಳಲ್ಲೊಂದು ಪ್ರೇಕ್ಷಾಗೃಹದ ಸುತ್ತಣ ಧ್ವನಿಗೆ ಮೀಸಲಾಗಿತ್ತು. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರಿತವಾದ ‘ಶೋಲೆ’ 1975ರಲ್ಲಿ 70 ಮಿ.ಮೀ. ಪ್ರತಿಯಲ್ಲಿ ಸ್ಟೀರಿಯೊ ಧ್ವನಿಯೊಡನೆ ತೆರೆಕಂಡದ್ದು ಭಾರತೀಯ ಪ್ರೇಕ್ಷಕರ ಕಿವಿಗೆ ಆದ ಒಂದು ದೊಡ್ಡ ಸಂಸ್ಕಾರ. ಡಾಲ್ಬಿ ಸಂಸ್ಥೆಯ ಪದ್ಧತಿ 1982ರಲ್ಲಿ ಮನೆಯೊಳಕ್ಕೆ ಕಾಲಿಟ್ಟಿತು. 1992ರಲ್ಲಿ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದೊಂದಿಗೆ ಅದರ ಅಂಕೀಯ ರೂಪವೂ, ಮರುವರ್ಷ ‘ಜುರಾಸಿಕ್ ಪಾರ್ಕ್’ ಚಿತ್ರದೊಂದಿಗೆ ಅದರ ಪ್ರತಿಸ್ಪರ್ಧಿಯಾದ ಡಿ.ಟಿ.ಎಸ್. ಪದ್ಧತಿಯೂ, 2012ರಲ್ಲಿ ತಲೆಯ ಮೇಲಿನ ಧ್ವನಿಯನ್ನೂ ಒಳಗೊಂಡ ಅಟ್ಮಾಸ್ ಪದ್ಧತಿಯೂ ಬಂದವು. ಡಿ.ವಿ.ಡಿ. ತಟ್ಟೆಯ ಕಾಲ ಕಳೆದು, ಇಂದು ಬಹುಪಾಲು ಮನೆಗಳಲ್ಲಿ ಟಿ.ವಿ.ಯ ಹಿಂಬದಿಯ ಎಚ್.ಡಿ.ಎಂ.ಐ. ರಂಧ್ರವೇ ಈ ಎಲ್ಲ ಧ್ವನಿಗೆ ಮಹಾದ್ವಾರವಾಗಿದೆ. 2009ರಲ್ಲಿ ಬಂದ ಎ.ಆರ್.ಸಿ. ಎಂಬ ಅನುಕೂಲದಿಂದ ಟಿ.ವಿ.ಯ ಧ್ವನಿಯು ಅದೇ ತಂತಿಯಲ್ಲಿ ಹಿಂದಕ್ಕೆ ಹರಿದು, ಧ್ವನಿವರ್ಧಕಗಳಿಗೆ ಶಬ್ದವನ್ನು ಹಂಚುವ ರಿಸೀವರನ್ನು ಸೇರುತ್ತದೆ. ಆದುದರಿಂದ ಆ ಮೂರಕ್ಷರಗಳನ್ನು ಬರೆದಿರುವ ರಂಧ್ರಕ್ಕೇ ತಂತಿಯನ್ನು ಚುಚ್ಚತಕ್ಕದ್ದು.

ಧ್ವನಿವರ್ಧಕಗಳ ಸ್ಥಾನದ ವಿಷಯದಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1992ರಲ್ಲಿ ಮೊದಲು ಪ್ರಕಟಿಸಿದ ಶಿಫಾರಸೇ ಇಂದಿಗೂ ಪ್ರಮಾಣವಾಗಿದೆ. ಕೇಳುಗನು ವೃತ್ತವೊಂದರ ಕೇಂದ್ರದಲ್ಲಿದ್ದಾನೆಂದು ಭಾವಿಸಿದರೆ, ಮಧ್ಯದ ಪೆಟ್ಟಿಗೆ ಆತನ ನೇರ ಮುಂದೆಯೂ, ಎಡಬಲದ ಪೆಟ್ಟಿಗೆಗಳು ಅದರಿಂದ 30 ಡಿಗ್ರಿ ಆಚೀಚೆಗೂ, ಸರೌಂಡ್ ಪೆಟ್ಟಿಗೆಗಳು 100ರಿಂದ 120 ಡಿಗ್ರಿಗಳ ನಡುವೆಯೂ, ಎಂದರೆ ಕಿವಿಯ ರೇಖೆಗಿಂತ ತುಸು ಹಿಂದಕ್ಕೆ, ಇರಬೇಕು. ಮುಂದಿನ ಮೂರು ಪೆಟ್ಟಿಗೆಗಳಲ್ಲಿ ತಾರಧ್ವನಿಯನ್ನು ನುಡಿಸುವ ಟ್ವೀಟರ್ ಕುಳಿತವನ ಕಿವಿಯ ಎತ್ತರಕ್ಕೆ, ಎಂದರೆ ನೆಲದಿಂದ ಸುಮಾರು ಮೂರಡಿಗೆ, ಸಮನಾಗಿರುವುದು ಲೇಸು. ಹಿಂದಿನವು ಅದಕ್ಕಿಂತ ಒಂದೆರಡು ಅಡಿ ಮೇಲಿದ್ದರೂ ಬಾಧಕವಿಲ್ಲ. ನಮ್ಮ ಊರುಗಳಲ್ಲಿ ಇದರ ಉಲ್ಲಂಘನೆ ಎರಡು ವಿಧ. ಶೋಕೇಸಿನ ತುದಿಯಲ್ಲಿ, ಗಣಪತಿಯ ಪಟಕ್ಕೂ ಕಿರುಗಡಿಯಾರಕ್ಕೂ ನಡುವೆ, ಮಧ್ಯದ ಪೆಟ್ಟಿಗೆಯನ್ನು ತುರುಕಿ ಮಾತು ಸೂರಿನಿಂದ ಉದುರುವಂತೆ ಮಾಡುವುದು ಒಂದು. ಸೋಫಾವನ್ನು ಹಿಂಗೋಡೆಗೆ ಒತ್ತಿಟ್ಟು, ಹಿಂದಿನ ಪೆಟ್ಟಿಗೆಗಳಿಗೆ ತಾವೇ ಇಲ್ಲದಂತಾಗಿ, ಅವನ್ನೂ ಟಿ.ವಿ.ಯ ಪಕ್ಕದಲ್ಲೇ ಸಾಲಾಗಿ ನಿಲ್ಲಿಸುವುದು ಇನ್ನೊಂದು. ಎರಡನೆಯ ವಿಧದವರು ಐದು ಪೆಟ್ಟಿಗೆಗಳ ಹಣ ತೆತ್ತು ಎರಡರ ಸುಖವನ್ನು ಪಡೆಯುತ್ತಾರೆ. ಸೋಫಾವನ್ನು ಹಿಂಗೋಡೆಯಿಂದ ಮೂರು ಅಡಿಯಷ್ಟಾದರೂ ಮುಂದಕ್ಕೆಳೆಯಲು ಮನೆಯವರು ಒಪ್ಪದಿದ್ದ ಪಕ್ಷದಲ್ಲಿ, ಸರೌಂಡ್ ಪೆಟ್ಟಿಗೆಗಳನ್ನು ಎರಡು ಪಕ್ಕದ ಗೋಡೆಗಳಿಗೆ ಕಿವಿಯ ನೇರಕ್ಕೆ ತೂಗಿಬಿಡುವುದೇ ಉಳಿದಿರುವ ಸನ್ಮಾರ್ಗ.

ಸಬ್‌ವೂಫರಿನ ವಿಷಯ ಬೇರೆಯೇ. ಶಬ್ದವು ಮೂವತ್ತು ಡಿಗ್ರಿ ಸೆಖೆಯಲ್ಲಿ ಸೆಕೆಂಡಿಗೆ ಸುಮಾರು 349 ಮೀಟರ್ ಚಲಿಸುವುದರಿಂದ, 3000 ಹರ್ಟ್ಸ್‌ನ ಅಲೆ ಒಂದು ಗೇಣಿಗಿಂತಲೂ ಚಿಕ್ಕದು. 30 ಹರ್ಟ್ಸ್‌ನದಾದರೋ ಹನ್ನೊಂದೂವರೆ ಮೀಟರಿಗೂ ಉದ್ದ, ಕಾರವಾರದ ಸಾಮಾನ್ಯ ಹಾಲಿನ ಎರಡರಷ್ಟಕ್ಕೂ ಮಿಕ್ಕದ್ದು. ಇಷ್ಟು ದೀರ್ಘವಾದ ಅಲೆ ಯಾವ ದಿಕ್ಕಿನಿಂದ ಬಂತೆಂಬುದನ್ನು ಕಿವಿ ಗುರುತಿಸಲಾರದು. 80 ಹರ್ಟ್ಸ್‌ಗಿಂತ ಕೆಳಗಿನ ಧ್ವನಿಯನ್ನೆಲ್ಲ ಸಣ್ಣ ಪೆಟ್ಟಿಗೆಗಳಿಂದ ಬಿಡಿಸಿ ಸಬ್‌ವೂಫರಿಗೆ ಒಪ್ಪಿಸುವ ರೂಢಿಗೆ ಇದೇ ಆಧಾರ. ರಿಸೀವರಿನ ಮೆನುವಿನಲ್ಲಿ ಕ್ರಾಸ್‌ಓವರ್ ಎಂದು ಕಾಣುವುದು ಈ ಗಡಿರೇಖೆಯೇ. ಸಣ್ಣ ಪೆಟ್ಟಿಗೆಗಳನ್ನು ‘ಲಾರ್ಜ್’ ಎಂದು ನಮೂದಿಸಿ ಹೆಮ್ಮೆಪಡುವುದು ಹಲವರ ಅಭ್ಯಾಸ. ಹಾಗೆ ಮಾಡಿದರೆ ಮಂದ್ರದ ಹೊರೆ ನಾಲ್ಕಂಗುಲದ ಕೋನಿನ ಮೇಲೆ ಬಿದ್ದು, ಅದು ಏದುಸಿರು ಬಿಡುತ್ತದೆ.

ಈ ಪೆಟ್ಟಿಗೆಯ ಒಳಗುಟ್ಟು ಅಂಕೋಲೆ ಸೀಮೆಯವರಿಗೆ ಹೊಸದೇನಲ್ಲ. ಹಾಲಕ್ಕಿ ಒಕ್ಕಲಿಗರ ಗುಮಟೆ ಪಾಂಗಿನಲ್ಲಿ ನುಡಿಯುವ ಗುಮಟೆಯು ಮಣ್ಣಿನ ಕುಡಿಕೆ. ಅದರ ಅಗಲವಾದ ಬಾಯಿಗೆ ಚರ್ಮ ಬಿಗಿದಿರುತ್ತದೆ (ಹಿಂದೆ ಉಡದ ಚರ್ಮವಿರುತ್ತಿತ್ತು, ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಈಗ ನಿಷಿದ್ಧ). ಕಿರಿದಾದ ಇನ್ನೊಂದು ಬಾಯಿ ತೆರೆದೇ ಇರುತ್ತದೆ. ಒಂದು ಕೈ ಚರ್ಮವನ್ನು ತಟ್ಟುತ್ತಿರುವಾಗ ಇನ್ನೊಂದು ಕೈ ಆ ತೆರೆದ ಬಾಯನ್ನು ಅರೆಮುಚ್ಚಿ, ಪೂರ್ಣ ಬಿಟ್ಟು, ಮತ್ತೆ ಮುಚ್ಚಿ ನಾದವನ್ನು ಏರಿಳಿಸುತ್ತದೆ. ಒಡಲಿನೊಳಗಿನ ಗಾಳಿಯು ಬಾಯಿಯ ಅಗಲಕ್ಕೂ ಕೊರಳಿನ ಉದ್ದಕ್ಕೂ ತಕ್ಕಂತೆ ತನ್ನದೇ ಒಂದು ಸ್ವರದಲ್ಲಿ ಅನುನಾದಗೊಳ್ಳುವ ಈ ನಿಯಮವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಗಣಿತಕ್ಕೆ ಒಳಪಡಿಸಿದನು. ಸಬ್‌ವೂಫರಿನ ಮುಂದೆಯೋ ಹಿಂದೆಯೋ ಕಾಣುವ ದುಂಡನೆಯ ರಂಧ್ರ, ಅದರೊಳಗೆ ಅಡಗಿರುವ ಕೊಳವೆ, ಇವೆರಡೂ ಅದೇ ನಿಯಮಕ್ಕೆ ಬದ್ಧ: ಕೋನ್ ಹಿಂದಕ್ಕೆ ತಳ್ಳಿದ ಗಾಳಿ ವ್ಯರ್ಥವಾಗದೆ ಕೊಳವೆಯ ಮೂಲಕ ಹೊರಬಿದ್ದು ಅತಿಮಂದ್ರಕ್ಕೆ ಬಲ ಕೊಡುತ್ತದೆ. ರಂಧ್ರವನ್ನು ಗೋಡೆಗೆ ಅಂಟಿಸಿ ಇಟ್ಟವನು ಗುಮಟೆಯ ಬಾಯನ್ನು ಮುಚ್ಚಿ ಹಿಡಿದವನೇ ಸರಿ. ನಾಲ್ಕಾರು ಬೆರಳಗಲವಾದರೂ ಬಿಡಬೇಕು. ಮಳೆಗಾಲದ ಮುನ್ನ ಕೊಳವೆಯೊಳಗೆ ಟಾರ್ಚು ಬಿಟ್ಟು ನೋಡುವುದೂ ವಿಹಿತ, ಏಕೆಂದರೆ ಕುಂಬಾರಹುಳುವಿಗೆ ಮಣ್ಣಿನ ಗೂಡು ಕಟ್ಟಲೂ ಹಲ್ಲಿಗೆ ಮೊಟ್ಟೆಯಿಡಲೂ ಇದಕ್ಕಿಂತ ಪ್ರಶಸ್ತವಾದ ಗುಹೆ ಇನ್ನೊಂದಿಲ್ಲ.

ಇನ್ನು ಮನೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಕರಾವಳಿಯುದ್ದಕ್ಕೂ ಹಬ್ಬಿದ ಹೆಂಚಿನ ಮಾಡು ಅವರ್ಸಾ, ಬೆಲೇಕೇರಿ, ಅಲಗೇರಿ, ಮಾಜಾಳಿಗಳ ಹಳೆಯ ಮನೆಗಳಲ್ಲಿ ಈಗಲೂ ಉಳಿದಿದೆ. ಪೇಟೆಯ ಕಾಜುಬಾಗ, ಹಬ್ಬುವಾಡಗಳ ಕಡೆಗೆ ಬಂದರೆ ಸ್ಲ್ಯಾಬಿನ ಮನೆಗಳೂ ಫ್ಲ್ಯಾಟುಗಳೂ ಹೆಚ್ಚು. ಧ್ವನಿಯ ದೃಷ್ಟಿಯಿಂದ ಇವೆರಡೂ ಭಿನ್ನಭಿನ್ನ ವಾದ್ಯಗಳು. ಹೆಂಚಿನ ಮನೆಯಲ್ಲಿ ಮಾಡು ಇಳಿಜಾರಾದ್ದರಿಂದ ನೆಲಕ್ಕೆ ಸಮಾನಾಂತರವಾದ ಮೇಲ್ಮೈಯೇ ಇಲ್ಲ. ಚಪ್ಪಾಳೆ ತಟ್ಟಿದಾಗ ಸ್ಲ್ಯಾಬಿನ ಬರಿಕೋಣೆಯಲ್ಲಿ ಕೇಳಿಸುವ ಗಣಗಣ ಪ್ರತಿಧ್ವನಿ ಇಲ್ಲಿ ಬಹಳ ಕಡಿಮೆ. ಹೆಂಚುಗಳ ಸಂದುಗಳಿಂದ, ಮಾಡಿನ ಅಂಚಿನಿಂದ, ಜಗಲಿಗೆ ತೆರೆದ ಬಾಗಿಲಿನಿಂದ ಮಂದ್ರದ ಒತ್ತಡ ಹೊರಗೆ ಸೋರಿಹೋಗುವುದರಿಂದ ಗುಂಯ್‌ಗುಡುವಿಕೆಯೂ ಇಲ್ಲ. ಮಾತು ಇಲ್ಲಿ ಕೇಳುವಷ್ಟು ಸ್ಪಷ್ಟವಾಗಿ ಲಕ್ಷಾಂತರ ರೂಪಾಯಿಯ ಹೊಸ ಮನೆಯಲ್ಲಿ ಕೇಳಿಸದೆಂಬುದು ಉತ್ಪ್ರೇಕ್ಷೆಯಲ್ಲ. ಆದರೆ ಸೋರಿದ ಮಂದ್ರವನ್ನು ತುಂಬಿಕೊಡಲು ಹತ್ತಂಗುಲದ ಅಥವಾ ಹನ್ನೆರಡಂಗುಲದ ಸಬ್‌ವೂಫರೇ ಬೇಕು. ಮತ್ತು ಅದು ನುಡಿಯತೊಡಗಿದಾಗ ಪಕ್ಕಾಸು, ರೀಪು, ಅಟ್ಟದ ಹಲಗೆ, ಅಲ್ಲಿ ಬೋರಲು ಹಾಕಿದ ಹಿತ್ತಾಳೆಯ ಹಂಡೆ ಎಲ್ಲವೂ ತಮ್ಮತಮ್ಮ ಸ್ವರದಲ್ಲಿ ಓಗೊಡುತ್ತವೆ. ಓಗೊಟ್ಟದ್ದನ್ನು ಕೈಯಿಟ್ಟು ಕಂಡುಹಿಡಿದು, ನಡುವೆ ಒಂದು ರಬ್ಬರಿನ ತುಂಡನ್ನು ಸಿಕ್ಕಿಸುವುದರ ಹೊರತು ಅನ್ಯ ಉಪಾಯವಿಲ್ಲ. ಅಟ್ಮಾಸಿಗಾಗಿ ಛಾವಣಿಯತ್ತ ಮುಖಮಾಡಿ ಧ್ವನಿಯನ್ನು ಅಲ್ಲಿಂದ ಪ್ರತಿಫಲಿಸುವ ಪೆಟ್ಟಿಗೆಗಳು ಚಪ್ಪಟೆಯಾದ ಗಟ್ಟಿ ಛಾವಣಿಯನ್ನು ಅಪೇಕ್ಷಿಸತಕ್ಕವು. ಹೆಂಚಿನ ಇಳಿಜಾರು ಆ ಧ್ವನಿಯನ್ನು ಕೇಳುಗನ ತಲೆಯ ಬದಲು ಎದುರುಗೋಡೆಗೋ ಅಡುಗೆಮನೆಗೋ ಕಳುಹಿಸುವುದರಿಂದ, ಅಂಥ ಪೆಟ್ಟಿಗೆಗಳನ್ನು ಹೆಂಚಿನ ಮನೆಗೆ ಕೊಳ್ಳುವುದು ವ್ಯರ್ಥ.

ಸ್ಲ್ಯಾಬಿನ ಹಾಲಿನ ತೊಂದರೆ ಇದಕ್ಕೆ ವಿಪರೀತ. ಹದಿನಾರು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯನ್ನು ತೆಗೆದುಕೊಂಡರೆ, ಗೋಡೆಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕೂಡುವ ಸ್ವರಗಳು ಅನುಕ್ರಮವಾಗಿ ಸುಮಾರು 36, 48 ಮತ್ತು 57 ಹರ್ಟ್ಸ್. ಈ ಸ್ವರಗಳು ಬಂದಾಗ ಗೋಡೆಯ ಬಳಿ ಕುಳಿತವನ ಎದೆ ನಡುಗುತ್ತದೆ, ಕೋಣೆಯ ಸರಿಮಧ್ಯದಲ್ಲಿ ಕುಳಿತವನಿಗೆ ಏನೂ ಕೇಳಿಸದು. ಒಂದೇ ಮನೆಯ ಇಬ್ಬರು ಒಂದೇ ಚಿತ್ರವನ್ನು ನೋಡುತ್ತ, ಬಾಸ್ ಹೆಚ್ಚಾಯಿತೆಂದು ಒಬ್ಬರೂ ಸಾಲದೆಂದು ಇನ್ನೊಬ್ಬರೂ ರಿಮೋಟಿಗಾಗಿ ಸೆಣಸುವುದಕ್ಕೆ ಕಾರಣ ಸ್ವಭಾವಭೇದವಲ್ಲ, ಸ್ಥಾನಭೇದ. ಹಿಂಗೋಡೆಯಿಂದ ಕೋಣೆಯ ಉದ್ದದ ಮೂರನೆಯ ಒಂದು ಭಾಗದಷ್ಟು ಮುಂದಕ್ಕೆ ಕುಳಿತರೆ ಈ ವೈಷಮ್ಯ ಬಹಳಮಟ್ಟಿಗೆ ಶಮನವಾಗುತ್ತದೆ. ಸಬ್‌ವೂಫರನ್ನು ಮೂಲೆಗಿಟ್ಟರೆ ಶಬ್ದ ದೊಡ್ಡದಾಗುವುದು ನಿಜ, ಆದರೆ ಕೋಣೆಯ ಎಲ್ಲ ದೋಷಗಳೂ ಏಕಕಾಲಕ್ಕೆ ಎಚ್ಚರಗೊಳ್ಳುತ್ತವೆ.

ಯುಕ್ತವಾದ ಸ್ಥಳವನ್ನು ಅರಸುವುದಕ್ಕೆ ಬಲ್ಲವರು ಅನುಸರಿಸುವ ಕ್ರಮವೊಂದುಂಟು. ನೋಡುವವರಿಗೆ ನಗು ಬಂದರೂ ಫಲ ಮಾತ್ರ ನಿಶ್ಚಿತ. ಸಬ್‌ವೂಫರನ್ನೇ ಎತ್ತಿ ತಾನು ದಿನವೂ ಕುಳಿತುಕೊಳ್ಳುವ ಸೋಫಾದ ಮೇಲೆ ಕೂರಿಸಿ, ಮಂದ್ರವು ಮೆಟ್ಟಿಲುಮೆಟ್ಟಿಲಾಗಿ ಏರಿಳಿಯುವ ಹಾಡೊಂದನ್ನು ಹಚ್ಚಿ, ತಾನು ನೆಲದ ಮೇಲೆ ಮೊಣಕಾಲೂರಿ ಗೋಡೆಯಂಚಿನುದ್ದಕ್ಕೂ ತೆವಳುತ್ತ ಹೋಗಬೇಕು. ಒಂದೆಡೆ ಗುಂಯ್ಯೆನ್ನುತ್ತದೆ, ಇನ್ನೊಂದೆಡೆ ಬತ್ತಿಹೋಗುತ್ತದೆ. ಎಲ್ಲ ಸ್ವರಗಳೂ ಸರಿಸಮನಾಗಿ ಕೇಳುವ ಜಾಗ ಸಿಕ್ಕೊಡನೆ ಅಲ್ಲಿ ಸೀಮೆಸುಣ್ಣದ ಗೆರೆಯೆಳೆದು, ಪೆಟ್ಟಿಗೆಯನ್ನು ಅಲ್ಲಿಗೆ ತರಬೇಕು. ಬಳಿಕ ಅದರ ಹಿಂಬದಿಯ ಫೇಸ್ ಸ್ವಿಚ್ಚನ್ನು 0 ಮತ್ತು 180ರ ನಡುವೆ ಬದಲಿಸುತ್ತ, ಸೋಫಾದಲ್ಲಿ ಕುಳಿತ ಇನ್ನೊಬ್ಬರಿಗೆ ಯಾವುದರಲ್ಲಿ ಬಾಸ್ ತುಂಬಿ ಬರುತ್ತದೆಯೋ ಅದನ್ನೇ ಸ್ಥಿರಪಡಿಸುವುದು. ಗೋಡೆಗೆ ಮೊಟ್ಟೆಯ ಟ್ರೇ, ಥರ್ಮೋಕೋಲ್ ಮುಂತಾದುವನ್ನು ಅಂಟಿಸಿದರೆ ಗುಂಯ್‌ಗುಡುವಿಕೆ ನಿಲ್ಲುತ್ತದೆಂಬ ಪ್ರತೀತಿ ನಿರಾಧಾರವಾದುದು. ಅಷ್ಟುದ್ದದ ಅಲೆಗೆ ಅವು ಇದ್ದೂ ಇಲ್ಲದಂತೆ. ದಪ್ಪನೆಯ ಹತ್ತಿಯ ಹಾಸಿಗೆ, ಪುಸ್ತಕಗಳು ಒತ್ತಾಗಿ ತುಂಬಿದ ಕಪಾಟು, ನೆಲಕ್ಕೆ ಜಮಖಾನೆ ಇವು ಮಾತಿನ ಮಟ್ಟದ ಪ್ರತಿಧ್ವನಿಯನ್ನು ನಿಜವಾಗಿಯೂ ಹೀರುತ್ತವೆ.

ತಂತಿ ಜೋಡಣೆಯಲ್ಲಿ ಮುಖ್ಯವಾದ ಎಚ್ಚರ ಧ್ರುವಗಳದು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎಂಬುದನ್ನು ಒಂದು ಪೆಟ್ಟಿಗೆಯಲ್ಲಿ ತಪ್ಪಿದರೂ, ಎರಡು ಕೋನುಗಳು ಪರಸ್ಪರ ವಿರುದ್ಧವಾಗಿ ಚಲಿಸಿ ಮಂದ್ರವನ್ನು ತಿಂದುಹಾಕುತ್ತವೆ, ಗಾಯಕನು ಎಲ್ಲಿಯೂ ನಿಲ್ಲದ ಪ್ರೇತದಂತಾಗುತ್ತಾನೆ. ಬಣ್ಣವಳಿದ ಹಳೆಯ ತಂತಿಯಾದರೆ ಒಂದೂವರೆ ವೋಲ್ಟಿನ ಸಾಮಾನ್ಯ ಸೆಲ್ಲನ್ನು ಆಂಪ್ಲಿಫೈಯರಿನಿಂದ ಬಿಡಿಸಿದ ತುದಿಗೆ ಕ್ಷಣಮಾತ್ರ ಮುಟ್ಟಿಸಿ ವೂಫರಿನ ಕೋನನ್ನು ನೋಡಬೇಕು: ಅದು ಹೊರಕ್ಕೆ ಜಿಗಿದರೆ ಸೆಲ್ಲಿನ ಧನಾಗ್ರ ಮುಟ್ಟಿದ ತಂತಿಯೇ ಕೆಂಪು. ಹಿಂದಿನ ಪೆಟ್ಟಿಗೆಗಳವರೆಗೆ ಹಾಲನ್ನು ಸುತ್ತಿಬರುವ ಉದ್ದ ತಂತಿಗೆ 1.5 ಚದರ ಮಿ.ಮೀ. ಕನಿಷ್ಠ, 2.5 ಉತ್ತಮ, ಮನೆಯ ವೈರಿಂಗಿಗೆ ಬಳಸುವ ಅದೇ ತಾಮ್ರ ಧಾರಾಳವಾಗಿ ಸಾಕು. ಅನಂತರ ರಿಸೀವರಿನೊಳಗೆ ಪ್ರತಿ ಪೆಟ್ಟಿಗೆಯ ದೂರವನ್ನು ಟೇಪಿನಿಂದ ಅಳೆದು ತುಂಬತಕ್ಕದ್ದು, ಏಕೆಂದರೆ ಒಂದು ಮೀಟರಿನ ವ್ಯತ್ಯಾಸ ಸುಮಾರು ಮೂರು ಮಿಲಿಸೆಕೆಂಡುಗಳ ವ್ಯತ್ಯಾಸ. ಮೊದಲು ತಲುಪಿದ ಧ್ವನಿಯ ದಿಕ್ಕನ್ನೇ ಕಿವಿ ನಂಬುತ್ತದೆ ಎಂಬುದನ್ನು ಹೆಲ್ಮುಟ್ ಹಾಸ್ 1949ರ ತನ್ನ ಪ್ರಬಂಧದಲ್ಲಿ ನಿರೂಪಿಸಿದನು. ಪರೀಕ್ಷಾಧ್ವನಿ ಹಾಯಿಸಿದಾಗ ಪ್ರತಿಯೊಂದು ಪೆಟ್ಟಿಗೆಯೂ ಕುಳಿತ ಜಾಗದಲ್ಲಿ 75 ಡೆಸಿಬೆಲ್ ತೋರುವಂತೆ ಸಮಗೊಳಿಸುವುದು ವಾಡಿಕೆ. ಮೊಬೈಲಿನ ಮಾಪಕ ಈ ಹೋಲಿಕೆಗೆ ಸಾಕಾದರೂ ಸಬ್‌ವೂಫರಿನ ವಿಷಯದಲ್ಲಿ ಅದನ್ನು ನೆಚ್ಚುವಂತಿಲ್ಲ. ಅಲ್ಲಿ ಕಿವಿಯೇ ಪ್ರಮಾಣ. ಸಬ್‌ವೂಫರ್ ನುಡಿಯುತ್ತಿದೆ ಎಂಬುದು ಅದನ್ನು ಆರಿಸಿದಾಗ ಮಾತ್ರ ತಿಳಿಯುವಂತಿದ್ದರೆ ಮಟ್ಟ ಸರಿಯಾಗಿದೆಯೆಂದೇ ಅರ್ಥ. ‘ಕಾಂತಾರ’ (2022) ಚಿತ್ರದ ಕೊನೆಯ ಭಾಗದ ದೈವದ ಕೂಗು ಇದಕ್ಕೆ ಒಳ್ಳೆಯ ಒರೆಗಲ್ಲು: ಕೂಗು ಮುಂದಿನಿಂದಲೇ ಎದ್ದು ಕೋಣೆಯನ್ನು ತುಂಬಬೇಕೇ ಹೊರತು, ಮೂಲೆಯ ಡಬ್ಬದಿಂದ ಹೊರಟಂತೆ ತೋರಬಾರದು. ಇದಕ್ಕೆ ವ್ಯತಿರಿಕ್ತವಾಗಿ, ಬಡಿಗೇರಿಯ ಸುಕ್ರಿ ಬೊಮ್ಮಗೌಡರ (ಪದ್ಮಶ್ರೀ, 2017) ಹಾಲಕ್ಕಿ ಹಾಡುಗಳಂಥ ಬರಿಗಂಠದ ಮುದ್ರಣಗಳನ್ನು ಐದೂ ಪೆಟ್ಟಿಗೆಗಳಿಗೆ ಹಂಚಿ ಕೇಳುವುದು ಅರಸಿಕತೆ. ಅವಕ್ಕೆ ಎರಡು ಪೆಟ್ಟಿಗೆಗಳ ಸಾದಾ ಸ್ಟೀರಿಯೊವೇ ಯೋಗ್ಯ.

ಮಳೆಗಾಲವು ಈ ಎಲ್ಲ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುವ ಈ ತೀರದಲ್ಲಿ, ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರದೊಳಗೇ ಬೀಳುವುದರಿಂದ, ಹೆಂಚಿನ ಮೇಲೆ, ಅದಕ್ಕೂ ಮಿಗಿಲಾಗಿ ಟೆರೇಸಿಗೆ ಹೊದಿಸಿದ ತಗಡಿನ ಶೀಟಿನ ಮೇಲೆ, ಜಡಿಮಳೆ ಎಬ್ಬಿಸುವ ಅಖಂಡವಾದ ಸದ್ದು ಮಾತಿನ ವ್ಯಂಜನಗಳನ್ನು ನುಂಗಿಹಾಕುತ್ತದೆ. ಒಟ್ಟು ಧ್ವನಿಯನ್ನು ಏರಿಸಿದರೆ ಹೊಡೆದಾಟದ ದೃಶ್ಯದಲ್ಲಿ ಕಿವಿ ಸಿಡಿಯುತ್ತದೆ, ಇಳಿಸಿದರೆ ಸಂಭಾಷಣೆ ಮುಳುಗುತ್ತದೆ. ಮಾತಿನ ಬಹುಪಾಲು ಮಧ್ಯದ ವಾಹಿನಿಯಲ್ಲೇ ಹರಿಯುವುದರಿಂದ ಅದೊಂದನ್ನೇ ಎರಡು ಮೂರು ಡೆಸಿಬೆಲ್‌ನಷ್ಟು ಏರಿಸುವುದು ಮೊದಲ ಪರಿಹಾರ. ಎರಡನೆಯದು, ನೆರೆಯವರ ನಿದ್ರೆಗಾಗಿ ರಿಸೀವರಿನಲ್ಲಿ ಇಟ್ಟಿರುವ ನೈಟ್ ಮೋಡ್ ಎಂಬ ಸೌಕರ್ಯ. ದೊಡ್ಡ ಶಬ್ದವನ್ನು ತಗ್ಗಿಸಿ ಸಣ್ಣ ಶಬ್ದವನ್ನು ಎತ್ತಿ ಹಿಡಿಯುವ ಈ ಗುಣವು ಆಷಾಢದ ಹಾಡುಹಗಲಿನಲ್ಲಿ ಕೊಡುವಷ್ಟು ಉಪಕಾರವನ್ನು ರಾತ್ರಿಯಲ್ಲೂ ಕೊಡುವುದಿಲ್ಲ. ಎಂಟು ತಿಂಗಳಿಗೊಂದು, ನಾಲ್ಕು ತಿಂಗಳಿಗೊಂದು ಎಂದು ಎರಡು ಬಗೆಯ ಮಟ್ಟಗಳನ್ನು ಬರೆದಿಟ್ಟುಕೊಳ್ಳುವುದು ಜಾಣತನ.

ಉಪ್ಪುಗಾಳಿಯ ಹಾವಳಿ ಇದಕ್ಕಿಂತ ನಿಧಾನವಾದದ್ದು, ಆದರೆ ಇನ್ನೂ ನಿರ್ದಯವಾದದ್ದು. ಕೋಡಿಬಾಗ, ಬೈತಕೋಲ, ಹಾರವಾಡಗಳಂಥ ಕಡಲಿಗೆ ಸಮೀಪದ ಜಾಗಗಳಲ್ಲಿ ತಂತಿಯ ಬಿಚ್ಚಿದ ತುದಿಗೆ ಬೇಗನೆ ಹಸಿರು ಕಿಲುಬು ಹತ್ತುತ್ತದೆ. ಶಬ್ದ ಕರಕರ ಎನ್ನತೊಡಗಿದಾಗ ಪೆಟ್ಟಿಗೆ ಕೆಟ್ಟಿತೆಂದು ಘಟ್ಟ ಹತ್ತಿಸಿ ಹುಬ್ಬಳ್ಳಿಗೆ ಕಳುಹಿಸುವ ಮೊದಲು, ತುದಿಯನ್ನು ಒಂದಂಗುಲ ಕತ್ತರಿಸಿ ಹೊಸ ತಾಮ್ರವನ್ನು ಬಿಗಿದು ನೋಡತಕ್ಕದ್ದು. ಕೋನಿನ ಅಂಚಿನ ಫೋಮು ಈ ತೇವದಲ್ಲಿ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ, ಕಾಗದದ ಕೋನಿಗೆ ಬೂಷ್ಟು ಹಿಡಿಯುತ್ತದೆ. ರಬ್ಬರಿನ ಅಂಚೂ ಪಾಲಿಪ್ರೊಪಿಲೀನ್ ಕೋನೂ ಉಳ್ಳವನ್ನು ಆಯುವುದು ಕರಾವಳಿಗೆ ವಿಹಿತ. ಅಗ್ಗದ ಪೆಟ್ಟಿಗೆಗಳ ಒತ್ತುಹಲಗೆ ನೆಲದ ಶೀತವನ್ನು ಕುಡಿದು ಉಬ್ಬುವುದರಿಂದ ಅವುಗಳ ಕೆಳಗೆ ರಬ್ಬರಿನ ಕಾಲುಗಳಿರಲಿ. ವಿದ್ಯುತ್ತಿನ ವಿಷಯದಲ್ಲಿ ಮೂರು ಮಾತು ಸಾಕು. ನಿರಂತರವಾದ 50 ಹರ್ಟ್ಸ್‌ನ ಹೂಂಕಾರ ಕೇಳಿಬಂದರೆ ಕೇಬಲ್ ಟಿ.ವಿ.ಯ ಅಥವಾ ಡಿಶ್ಶಿನ ತಂತಿಯನ್ನು ಕಳಚಿ ನೋಡಬೇಕು, ಎರಡು ಕಡೆಯ ಅರ್ಥಿಂಗಿನ ಜಗಳವೇ ಅನೇಕವೇಳೆ ಅದಕ್ಕೆ ಮೂಲ. ಕರೆಂಟು ಹೋದಾಗ ಚೌಕ ತರಂಗದ ಅಗ್ಗದ ಇನ್ವರ್ಟರಿನಲ್ಲಿ ಇದನ್ನು ನಡೆಸಿದರೆ ಟ್ರಾನ್ಸ್‌ಫಾರ್ಮರು ಜೇನುಗೂಡಿನಂತೆ ಮೊರೆಯುತ್ತದೆ. ಏಪ್ರಿಲ್–ಮೇ ಹಾಗೂ ಅಕ್ಟೋಬರಿನ ಗುಡುಗಿನ ಸಂಜೆಗಳಲ್ಲಿ ಸ್ವಿಚ್ಚು ಆರಿಸುವುದಷ್ಟೇ ಸಾಲದು, ಪ್ಲಗ್ಗನ್ನೂ ಡಿಶ್ಶಿನ ತಂತಿಯನ್ನೂ ಕಿತ್ತಿಡಬೇಕು.

ಮಂದ್ರಧ್ವನಿಗೆ ಗೋಡೆ ಅಡ್ಡಿಯಾಗದು. ಒಳಗೆ ಕೇಳುವವನಿಗೆ ಹಿತವಾದದ್ದು ಪಕ್ಕದ ಮನೆಯಲ್ಲಿ ಮಾತನ್ನೂ ರಾಗವನ್ನೂ ಕಳೆದುಕೊಂಡು ಬರಿಯ ದಢದಢವಾಗಿ ತಲುಪುತ್ತದೆ. ಫ್ಲ್ಯಾಟುಗಳಲ್ಲಿ ಸ್ಲ್ಯಾಬಿನ ಮೂಲಕ ಕೆಳಮನೆಗೂ ಇಳಿಯುತ್ತದೆ. ದಪ್ಪ ಫೋಮಿನ ಮೇಲೆ ಕಡಪಾ ಕಲ್ಲಿನ ಹಾಸನ್ನಿರಿಸಿ ಅದರ ಮೇಲೆ ಸಬ್‌ವೂಫರನ್ನು ಕೂರಿಸಿದರೆ ನೆಲದ ಕಂಪನ ಎಷ್ಟೋ ತಗ್ಗುತ್ತದೆ. ಶಬ್ದಮಾಲಿನ್ಯ ನಿಯಂತ್ರಣದ 2000ನೆಯ ಇಸವಿಯ ನಿಯಮಗಳು ವಸತಿಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್‌ಗಳ ಮಿತಿಯನ್ನು ವಿಧಿಸಿವೆ.

ಇನ್ನು ಆಯ್ಕೆ. ಕಾರವಾರ–ಅಂಕೋಲೆಯ ಸಾಧಾರಣ ಹಾಲಿಗೆ 7.1 ಅನಗತ್ಯ, ಸೋಫಾದ ಹಿಂದೆ ಸ್ಥಳವೇ ಇಲ್ಲದ ಕಡೆ 5.1 ಕೂಡ ಅಲಂಕಾರಮಾತ್ರ. ಅಲ್ಲಿ ಮುಂದಿನ ಮೂರು ಒಳ್ಳೆಯ ಪೆಟ್ಟಿಗೆಗಳು ಮತ್ತು ಒಂದು ಸಬ್‌ವೂಫರ್ ಸೇರಿದ 3.1 ವ್ಯವಸ್ಥೆಯೇ ಶ್ರೇಷ್ಠವೆಂದು ಹೇಳಲು ಅಡ್ಡಿಯಿಲ್ಲ. ಸ್ಲ್ಯಾಬಿನ ಚಿಕ್ಕ ಕೋಣೆಗೆ ಎಂಟಂಗುಲದ ಮುಚ್ಚುಪೆಟ್ಟಿಗೆಯ ಸಬ್‌ವೂಫರೂ, ಹೆಂಚಿನ ಮನೆಗೆ ಹನ್ನೆರಡಂಗುಲದ ರಂಧ್ರವುಳ್ಳದ್ದೂ ಒಪ್ಪುತ್ತವೆ. ಹಣವನ್ನು ವಾಟಿನ ಅಂಕೆಗೆ ಸುರಿಯುವುದಕ್ಕಿಂತ ಮಧ್ಯದ ಪೆಟ್ಟಿಗೆಗೆ ಸುರಿಯುವುದು ಮೇಲು. ಕೊಂಡ ಮೇಲೆ ಮಳೆಗಾಲದಲ್ಲಿ ಬಟ್ಟೆ ಹೊದಿಸಿ ಮುಚ್ಚಿಡದೆ, ಗುಡುಗಿಲ್ಲದ ದಿನಗಳಲ್ಲಿ ಅರ್ಧ ಗಂಟೆಯಾದರೂ ನುಡಿಸಿ ಒಳಗಿನ ತೇವವನ್ನು ಆರಿಸುತ್ತಿರಬೇಕು.